ಅಪ್ಪನ ಹಸಿವು

ಮಾರ್ಚ್ ೪, ಮಂಗಳವಾರ. ತೂಕ ೧೦೪.

ಅಣ್ಣನಿಗೆ ನನ್ನ ಕಿಡ್ನಿ ಹೊಂದುತ್ತದೆ. ಕಿಡ್ನಿ ಡಾಕ್ಟರು ಇದನ್ನು ಹೇಳಿದ ಕೂಡಲೇ ಅತ್ತಿಗೆ ನನ್ನ ಕೈ ಹಿಡಿದುಕೊಂಡರು. ಹಿಡಿದ ಕೈ ಬಿಡುವ ಮೊದಲೇ ಡಾಕ್ಟರು ಎರಡನೆಯ ಮಾತನ್ನೂ ಹೇಳಿದರು. ಈ ತೂಕದವರಿಂದ ಕಿಡ್ನಿ ತೆಗೆಯಲು ಆಸ್ಪತ್ರೆಯ ನಿಯಮ ಒಪ್ಪುವುದಿಲ್ಲ. ತೊಂಬತ್ತೈದಕ್ಕೆ ಬರಬೇಕು, ಜೂನ್ ಹೊತ್ತಿಗೆ.

"ಇಳೀತೀರಾ?" ಎಂದು ಕೇಳಿದರು, ಮುಂದಿನ ನಿಲ್ದಾಣದಲ್ಲಿ ಇಳೀತೀರಾ ಎಂದು ಕಂಡಕ್ಟರ್ ಕೇಳುವ ಹಾಗೆ.

"ಇಳೀತೀನಿ" ಎಂದೆ.

ಅಣ್ಣ ಕಿಟಕಿಯ ಚಿಲಕವನ್ನು ನೋಡುತ್ತಿದ್ದ. ವಾರಕ್ಕೆ ಮೂರು ದಿನ ಅವನು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಬರುತ್ತಾನೆ. ಆ ದಿನಗಳಲ್ಲಿ ಬೀಗದಂಗಡಿಯ ಶಟರ್ ಎತ್ತುವಷ್ಟು ಬಲವೂ ಅವನಲ್ಲಿ ಉಳಿದಿರುವುದಿಲ್ಲ. ಅತ್ತಿಗೆ ಎತ್ತುತ್ತಾರೆ, ಅವನು ಒಳಗೆ ಕೂತು ಬೀಗದ ಕೈ ಉಜ್ಜುತ್ತಾನೆ.

ಈ ಶರೀರ ಐವತ್ತೊಂದು ವರ್ಷ ನನಗೆ ಅಡ್ಡ ನಿಂತದ್ದು ಸಾಲದೆ ಈಗ ಅವನಿಗೂ ಅಡ್ಡ ನಿಂತಿದೆ.

ಮಾರ್ಚ್ ೧೦, ಸೋಮವಾರ. ೧೦೩.

ಲಾಂಡ್ರಿಗೆ ಹೋಟೆಲುಗಳ ಹಾಸುಬಟ್ಟೆ ಬರುವ ದಿನ. ಇಸ್ತ್ರಿ ಮಾಡುವ ರೋಲರಿನಿಂದ ಬಿಸಿಯಾಗಿ ಹೊರಬಂದ ಹಾಸುಬಟ್ಟೆ ಮಡಿಸಲು ಇಬ್ಬರು ಬೇಕು. ನಾನು ಕೆಲಸಕ್ಕೆ ಸೇರಿದಂದಿನಿಂದ ಎದುರಿನ ತುದಿ ಹಿಡಿಯುವವಳು ಮೆಣಸಿನಕಾಯಿ. ಅವಳ ನಾಲಿಗೆ ನೋಡಿ ಇಟ್ಟ ಹೆಸರು. ಅವಳಿಗೂ ಅದು ಇಷ್ಟವೇ. ದೂರ ನಿಂತು ಜಾಡಿಸುತ್ತೇವೆ, ಹತ್ತಿರ ಬಂದು ತುದಿಗೆ ತುದಿ ಕೂಡಿಸುತ್ತೇವೆ, ಮತ್ತೆ ದೂರ ಹೋಗುತ್ತೇವೆ. ಹತ್ತಿರ ಬಂದಾಗಲೆಲ್ಲ ಅವಳು ಒಂದೊಂದು ಮಾತು ಆಡುತ್ತಾಳೆ.

"ದೊಡ್ಡಕ್ಕ, ಬೆಳಿಗ್ಗೆ ನಿಮ್ಮ ಡಬ್ಬಿ ನೋಡಿದೆ."

ಜಾಡಿಸಿದೆವು.

"ಎರಡು ಮೊಟ್ಟೆ, ಒಂದು ಸೌತೆಕಾಯಿ. ಅದು ಊಟಾನಾ, ಊಟದ ಮುಂಗಡಾನಾ?"

ವಿಷಯ ಹೇಳಿದೆ. ಮುಂದಿನ ಹಾಸುಬಟ್ಟೆಯವರೆಗೆ ಯೋಚಿಸಿದಳು.

"ಕಿಡ್ನಿ ಕೊಡೋಕೆ ಸಣ್ಣಗಿರ್ಬೇಕಾ? ಹಾಗಾದ್ರೆ ನನ್ನ ಗಂಡನ್ನ ಕರ್ಕೊಂಡು ಹೋಗಿ. ಗಾಳಿ ಬೀಸಿದ್ರೆ ಹಾರ್ತಾನೆ. ಕಿಡ್ನಿ ಏನು, ಪೂರ್ತಿ ಇಟ್ಕೊಳ್ಳಿ ಅನ್ನಿ."

ನಕ್ಕೆ. ನಕ್ಕಾಗ ಹಸಿವು ಇನ್ನೂ ಜಾಸ್ತಿಯಾಯಿತು. ಹಸಿವನ್ನು ಯಾರಿಗೂ ತೋರಿಸಬಾರದು. ಈ ಮೈಯವಳು ಹಸಿವು ಎಂದರೆ ಕೇಳಿದವರ ಕಣ್ಣು ಮೊದಲು ಹೊಟ್ಟೆಯ ಕಡೆಗೇ ಹೋಗುತ್ತದೆ.

ಮಾರ್ಚ್ ೨೩, ಭಾನುವಾರ. ೧೦೧.

ಹೊಟ್ಟೆ ಖಾಲಿ ಇದ್ದಾಗ ಹಳೆಯದೆಲ್ಲ ಬಂದು ಕೂರುತ್ತದೆ. ಇಂದು ಬಂದದ್ದು ಅಡುಗೆಮನೆಯ ಹಸಿರು ಕಪಾಟು.

ಅಪ್ಪ ಮರದ ಅಡ್ಡೆಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿ ಉಳಿದ ಹಲಗೆಗಳಿಂದ ಆ ಕಪಾಟು ಮಾಡಿದ್ದೂ ಅವನೇ. ಬಣ್ಣ ಒಣಗುವ ಮೊದಲೇ ಬಾಗಿಲು ಮುಚ್ಚಿದ್ದರಿಂದ, ಪ್ರತಿ ಸಲ ತೆಗೆಯುವಾಗ ಅಂಟಿಕೊಂಡ ಬಣ್ಣ ಚಟ್ ಎಂದು ಬಿಡುತ್ತಿತ್ತು. ಒಳಗೆ ಬ್ರೆಡ್ಡು, ಸಕ್ಕರೆ, ಬೆಣ್ಣೆ, ಉಪ್ಪಿನ ಬಿಸ್ಕತ್ತಿನ ತಗಡಿನ ಡಬ್ಬ. ಆ ವಾಸನೆಯನ್ನು ಮರದ ವಾಸನೆಯಿಂದ ಬೇರೆ ಮಾಡಲು ನನಗೆ ಈಗಲೂ ಆಗುವುದಿಲ್ಲ.

ನನಗೆ ಎಂಟು ತುಂಬಿದ ವರ್ಷ ಅಮ್ಮ ಅದಕ್ಕೆ ಬೀಗ ಹಾಕಿದಳು. ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡಳು. ಅಮ್ಮ ಕೆಟ್ಟವಳಲ್ಲ. ಅಣ್ಣನಿಗೂ ನನಗೂ ಒಂದೇ ಅಳತೆಯಲ್ಲಿ ಬಡಿಸುತ್ತಿದ್ದಳು. ಒಂದೇ ಅಳತೆ ತಿಂದು ಒಂದು ಮಗು ಕಡ್ಡಿಯಾಗಿ, ಇನ್ನೊಂದು ಕಂಬವಾಗಿ ಬೆಳೆದರೆ ಯಾವ ತಾಯಿ ಏನೆಂದುಕೊಳ್ಳಬೇಕು? ಕಂಬ ಕದ್ದು ತಿನ್ನುತ್ತಿದೆ ಎಂದುಕೊಂಡಳು. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನಾನು ಕದ್ದಿರಲಿಲ್ಲ. ಬೀಗ ಬಿದ್ದ ಮೇಲೆ ಕಲಿತೆ.

ಕಲಿಸಿದವನು ಅಣ್ಣ. ಆಗ ಅವನಿಗೆ ಹನ್ನೊಂದು. ಅಮ್ಮನ ಹೇರ್‌ಪಿನ್ನನ್ನು ಬಗ್ಗಿಸಿ, ಬೀಗಕ್ಕೆ ಕಿವಿಯಿಟ್ಟು, ಕಣ್ಣು ಮುಚ್ಚಿಕೊಂಡು ತಿರುಗಿಸುತ್ತಿದ್ದ. ತೆಗೆಯುವ ಮುಂಚೆ "ಅಣ್ಣನೇ ರಾಜ ಅನ್ನು" ಎನ್ನುತ್ತಿದ್ದ. ಅನ್ನುತ್ತಿದ್ದೆ. ಬ್ರೆಡ್ಡಿನ ಮೇಲೆ ಸಕ್ಕರೆ ಉದುರಿಸಿ ಕೊಡುತ್ತಿದ್ದ. ತಾನು ಒಂದು ತುಂಡನ್ನೂ ತಿನ್ನುತ್ತಿರಲಿಲ್ಲ. ನಾನು ತಿನ್ನುವುದನ್ನು, ಯಾವುದೋ ಯಂತ್ರ ಕೆಲಸ ಮಾಡುವುದನ್ನು ನೋಡುವ ಹಾಗೆ, ಗಮನವಿಟ್ಟು ನೋಡುತ್ತಿದ್ದ. ಮುಂದೆ ಅವನು ಬೀಗದ ಕಸುಬಿಗೇ ಹೋದ.

ನನ್ನ ಬಾಲ್ಯದಲ್ಲಿ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

ಏಪ್ರಿಲ್ ೩, ಗುರುವಾರ. ೯೯.

ಕಿಡ್ನಿ ಡಾಕ್ಟರು ನನ್ನನ್ನು ಇನ್ನೊಬ್ಬರ ಹತ್ತಿರ ಕಳಿಸಿದರು. ತೂಕದ ವಿಚಾರವನ್ನೇ ಓದಿಕೊಂಡ ಡಾಕ್ಟರಮ್ಮ. ಚಿಕ್ಕ ಕೋಣೆ, ಅಗಲವಾದ, ತೋಳಿಲ್ಲದ ಕುರ್ಚಿಗಳು. ಕೂರುವ ಮೊದಲು ಅಳೆದು ನೋಡಬೇಕಾಗದ ಕುರ್ಚಿ ಸಿಕ್ಕಿದ್ದು ಅಪರೂಪ.

ಏನು ತಿನ್ನುತ್ತೀರಿ ಎಂದು ಕೇಳುತ್ತಾರೆ ಎಂದುಕೊಂಡು ಉತ್ತರ ತಯಾರು ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಬೇರೆ.

"ಎಷ್ಟನೇ ವಯಸ್ಸಿಂದ ಹೀಗೆ?"

"ನೆನಪಿರೋ ಕಾಲದಿಂದ."

"ಓರಗೆಯವರಿಗಿಂತ ಎತ್ತರಾನೂ ಇದ್ರಾ?"

"ಹೌದು. ಗುಂಪು ಫೋಟೊ ತೆಗೆಯೋವಾಗ ಹುಡುಗರ ಜೊತೆ ಹಿಂದಿನ ಸಾಲಲ್ಲಿ ನಿಲ್ಲಿಸ್ತಿದ್ರು."

"ಮನೇಲಿ ಇನ್ಯಾರು ಹೀಗಿದ್ರು?"

"ಅಪ್ಪ."

 ಇದುವರೆಗೂ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ರಕ್ತ ತೆಗೆದುಕೊಂಡರು. ಬಿಪಿ ನೋಡಿದರು, ತೋಳಿನ ಪಟ್ಟಿ ಬದಲಿಸಿ ಇನ್ನೊಮ್ಮೆ ನೋಡಿದರು, ಏನೂ ಹೇಳಲಿಲ್ಲ.

ಏಪ್ರಿಲ್ ೧೩, ಭಾನುವಾರ. ೯೮.

ಅಪ್ಪನ ಬಗ್ಗೆ ಬರೆಯಬೇಕು ಅನ್ನಿಸಿದೆ.

ವರ್ಷಕ್ಕೊಂದು ಸಲ ಮರದ ಅಡ್ಡೆಯವರಿಗೂ ಗೋದಾಮಿನ ಹಮಾಲರಿಗೂ ಹಗ್ಗಜಗ್ಗಾಟ ನಡೆಯುತ್ತಿತ್ತು. ಅಪ್ಪ ಕೊನೆಯ ಆಳು. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಹಿಮ್ಮಡಿ ನೆಲಕ್ಕೆ ಊರುತ್ತಿದ್ದ. ಮುಂದಿನವರು ಬೊಬ್ಬೆ ಹೊಡೆಯುತ್ತ ಎಳೆಯುತ್ತಿದ್ದರು. ಅಪ್ಪ ಎಳೆಯುತ್ತಿರಲಿಲ್ಲ, ನಿಲ್ಲುತ್ತಿದ್ದ, ಅಷ್ಟೇ. ಕಣ್ಣು ಅರ್ಧ ಮುಚ್ಚಿ, ಬಿಸಿಲು ಕಾಯಿಸಿಕೊಳ್ಳುತ್ತಿರುವವನ ಹಾಗೆ. ಹಮಾಲರು ಸುಸ್ತಾದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ಇಡುತ್ತಿದ್ದ. ಪಂದ್ಯ ಮುಗಿಯುತ್ತಿತ್ತು.

ಒಂದು ವರ್ಷ ಗೆದ್ದ ಮೇಲೆ ನನ್ನನ್ನು ಎತ್ತಿ ಎಲ್ಲರಿಗೂ ತೋರಿಸಿದ. "ನೋಡ್ರೋ, ನಾನು ಮುದುಕ ಆದ್ಮೇಲೆ ಹಗ್ಗದ ತುದಿಗೆ ಇವಳು."

ಅಮ್ಮನಿಗೆ ಸಿಟ್ಟು ಬಂತು. "ಹುಡುಗಿಗೆ ಹೇಳೋ ಮಾತಾ ಇದು?"

"ಯಾಕೆ, ಹುಡುಗೀರು ಬಿದ್ದೇ ಹೋಗ್ಬೇಕು ಅಂತ ಇದ್ಯಾ?"

ಅದೇ ಮೈ. ಅವನ ಮೇಲೆ ಇದ್ದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ನನ್ನ ಮೇಲೆ ಬಂದಾಗ ಅಮ್ಮ ಫೋಟೊದಲ್ಲಿ ನನ್ನನ್ನು ಅಣ್ಣನ ಹಿಂದೆ ನಿಲ್ಲಿಸಿದಳು. ಮದುವೆ ಮಾತಿಗೆಂದು ತೆಗೆಸಿದ ಫೋಟೊ. ಆ ಕಡ್ಡಿಯ ಹಿಂದೆ ನಾನು ಎರಡೂ ಬದಿಗೆ ಕಾಣಿಸುತ್ತಿದ್ದೆ. ಅಣ್ಣ ಅದನ್ನು ನೋಡಿ, "ನಾನು ಬಾಗಿಲ ಮುಂದೆ ನಿಂತಿರೋ ಹಾಗಿದೆ" ಎಂದ. ಅಮ್ಮ ಕೂಡ ನಕ್ಕುಬಿಟ್ಟಳು. ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದದ್ದು ಈಗ ಕಣ್ಣ ಮುಂದೆ ಬಂತು. ಅವಳು ನಕ್ಕದ್ದು ಕಡಿಮೆ.

ಏಪ್ರಿಲ್ ೨೦, ಭಾನುವಾರ. ೯೮.

ಇಳಿಯಲಿಲ್ಲ.

ಏಪ್ರಿಲ್ ೨೭, ಭಾನುವಾರ. ೯೮.

ತಿನ್ನುವುದನ್ನು ಇನ್ನೂ ಕಡಿಮೆ ಮಾಡಿದೆ. ರೋಲರಿನ ಮುಂದೆ ತಲೆ ಸುತ್ತಿತು. ಮೆಣಸಿನಕಾಯಿ ಹಾಸುಬಟ್ಟೆ ಬಿಟ್ಟು ನನ್ನನ್ನು ಹಿಡಿದಳು. ಈ ಶರೀರ ಹಿಮ್ಮಡಿ ಊರಿ ನಿಂತುಬಿಟ್ಟಿದೆ.

ಮೇ ೧, ಗುರುವಾರ. ೯೮.

ಅಣ್ಣ ಫೋನ್ ಮಾಡಿದ.

"ಪುಟ್ಟಿ, ಇದು ಬೇಡ ಕಣೇ."

"ಯಾವುದು?"

"ಕಿಡ್ನಿ. ಯಂತ್ರ ಇದೆಯಲ್ಲ, ನಡೀತಾ ಇದೆ. ನೀನು ಸರಿಯಾಗಿ ಊಟ ಮಾಡು."

"ತಲೆ ಸುತ್ತಿದ ವಿಷಯ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಬೇಡ ಅಂದ್ರೆ ಬೇಡ" ಎಂದು ಇಟ್ಟುಬಿಟ್ಟ.

ಹುಟ್ಟಿದಾಗಿನಿಂದ ನನ್ನನ್ನು ಪುಟ್ಟಿ ಎಂದು ಕರೆಯುವವನು ಅವನೊಬ್ಬನೇ. ಇವತ್ತು ಅದು ಕಿವಿಗೆ ಚುಚ್ಚಿತು. ಈ ಮೈಯಿಂದ ಏನನ್ನೂ ತನ್ನೊಳಗೆ ಇಟ್ಟುಕೊಳ್ಳಲು ಅವನಿಗೆ ಇಷ್ಟವಿಲ್ಲವೇನೋ. ಅದನ್ನು ಬಾಯಿಬಿಟ್ಟು ಹೇಳುವವನಲ್ಲ, ಅದಕ್ಕೇ ಯಂತ್ರದ ನೆಪ.

ಮೇ ೪, ಭಾನುವಾರ.

ತೂಕ ನೋಡಲಿಲ್ಲ. ಅತ್ತಿಗೆ ಬಂದಿದ್ದರು. ಚಪ್ಪಲಿ ಬಿಡುವಾಗಲೇ ಶುರುಮಾಡಿದರು.

"ನಿಮ್ಮಣ್ಣನ ಜೊತೆ ಏಗೋಕೆ ನನ್ನ ಕೈಲಿ ಆಗಲ್ಲ. ಎಂಥಾ ಬೀಗ ಬೇಕಾದ್ರೂ ತೆಗೀತಾರೆ, ತಮ್ಮ ಬಾಯಿ ಮಾತ್ರ ತೆಗೆಯಲ್ಲ. ಮೂರು ದಿನ ಪೀಡಿಸಿದ ಮೇಲೆ ಹೇಳಿದ್ರು."

"ಏನಂತೆ?"

"ನೀನು ದಪ್ಪ ಆಗಿದ್ದು ಅವರಿಂದ ಅಂತೆ. ಕಪಾಟಿನ ಬೀಗ ತೆಗೆದು ತೆಗೆದು ನಿನಗೆ ತಿನ್ನಿಸಿದ್ರಂತೆ. ಅಮ್ಮನ ಮಾತು ಕೇಳಿ ಸುಮ್ಮನಿದ್ದಿದ್ರೆ ನಿನಗೆ ಮದುವೆ ಆಗ್ತಿತ್ತು, ಮಕ್ಕಳಾಗ್ತಿದ್ವು ಅಂತ. ಈಗ ಅವರಿಗೋಸ್ಕರ ನೀನು ಉಪವಾಸ ಬೀಳ್ತಿದ್ದೀಯಲ್ಲ, ಅದನ್ನ ನೋಡೋಕಾಗಲ್ವಂತೆ. ಮೊದಲು ತಿನ್ನಿಸಿ ಕೆಡಿಸಿದೆ, ಈಗ ತಿನ್ನದ ಹಾಗೆ ಮಾಡಿ ಕೊಲ್ತಿದ್ದೀನಿ ಅಂತಾರೆ."

 ನಲವತ್ತಕ್ಕೂ ಹೆಚ್ಚು ವರ್ಷ ನಾವಿಬ್ಬರೂ ಅದೇ ಕಪಾಟನ್ನು ನೆನೆದುಕೊಂಡು ಬದುಕಿದ್ದೇವೆ. ನಾನು ಸಕ್ಕರೆಯನ್ನು ಇಟ್ಟುಕೊಂಡೆ. ಅವನು ಇದನ್ನು ಇಟ್ಟುಕೊಂಡಿದ್ದಾನೆ.

"ಅತ್ತಿಗೆ, ಅವನು ಹಾಗೆ ಅಂದ್ಕೊಂಡಿದ್ದಾನಾ?"

"ನನಗೇ ಈಗ ಗೊತ್ತಾಗಿದ್ದು. ಇಂಥವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಲ್ಲ, ನನಗೆ ಯಾರು ಪದಕ ಕೊಡ್ತಾರೆ?"

ಇಬ್ಬರೂ ಸ್ವಲ್ಪ ಅತ್ತೆವು. ಆಮೇಲೆ ನಾನು ಬೇಯಿಸಿದ ಆಲೂಗಡ್ಡೆ ತಿಂದೆವು.

ಮೇ ೯, ಶುಕ್ರವಾರ. ೯೭.

ರಕ್ತದ ಫಲಿತಾಂಶ ಬಂತು. ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಮರೆಯುವ ಮೊದಲು ಬರೆದಿಡುತ್ತೇನೆ.

ಸಾಕು, ಹೊಟ್ಟೆ ತುಂಬಿತು ಎಂಬ ಸಂದೇಶ ಎಲ್ಲರ ಮಿದುಳಿಗೂ ಹೋಗುತ್ತದೆ. ಅದನ್ನು ಬರಮಾಡಿಕೊಳ್ಳಲು ಅಲ್ಲಿ ಒಂದು ಜಾಗವಿದೆ. ಆ ಜಾಗವನ್ನು ಕಟ್ಟುವ ಜೀನಿನ ಎರಡೆರಡು ಪ್ರತಿ ಒಬ್ಬೊಬ್ಬರಲ್ಲೂ ಇರುತ್ತವೆ. ತಾಯಿಯಿಂದ ಒಂದು, ತಂದೆಯಿಂದ ಒಂದು. ನನ್ನದರಲ್ಲಿ ಒಂದು ಪ್ರತಿ ಕೆಲಸ ಮಾಡುವುದಿಲ್ಲ.

"ಉಳಿದೋರಿಗೆ ಕೂಗಿ ಹೇಳೋದನ್ನ ನಿಮಗೆ ಪಿಸುಗುಟ್ಟಿ ಹೇಳುತ್ತೆ, ಅಷ್ಟೇ" ಎಂದರು. "ನೀವು ಹೇಳಿದ್ದು ಕೇಳಿದ್ರೆ ತಂದೆಯವರಿಂದ ಬಂದಿರ್ಬೇಕು. ನಿಮ್ಮ ಎತ್ತರ ಕೂಡ ಅದರ ಜೊತೆಗೇ ಬಂದಿದ್ದು."

"ದಪ್ಪ ಇರೋರಿಗೆಲ್ಲ ಇದು ಇರುತ್ತಾ?"

"ಇಲ್ಲ ಇಲ್ಲ. ಸ್ವಲ್ಪ ಜನಕ್ಕೆ ಮಾತ್ರ. ಹೆಚ್ಚಿನವರಲ್ಲಿ ಚಿಕ್ಕ ಚಿಕ್ಕ ವ್ಯತ್ಯಾಸಗಳು ನೂರಾರು ಸೇರಿ, ಜೊತೆಗೆ ಅವರ ಬದುಕೂ ಸೇರಿ, ಒಬ್ಬರನ್ನ ಆ ಕಡೆ ತಳ್ಳುತ್ತೆ, ಇನ್ನೊಬ್ಬರನ್ನ ಈ ಕಡೆ. ನಿಮ್ಮದು ಒಂದೇ ದೊಡ್ಡ ತಳ್ಳು. ಹಾಗಿದ್ದೂ ಏಳು ಕೆಜಿ ಇಳಿಸಿದೀರಿ. ಅದು ಎಂಥಾ ಕೆಲಸ ಅಂತ ನನಗೆ ಗೊತ್ತು."

ಇನ್ನೊಂದು ವಿಷಯವನ್ನೂ ಹೇಳಿದರು. ಈ ಬದಲಾವಣೆ ಇರುವವರಿಗೆ, ತೂಕ ಎಷ್ಟೇ ಇದ್ದರೂ, ಬೇರೆಯವರಿಗೆ ಏರುವ ಹಾಗೆ ಬಿಪಿ ಏರುವುದಿಲ್ಲವಂತೆ. ಅವತ್ತು ಎರಡು ಸಲ ನೋಡಿದ್ದು ಅದಕ್ಕೇ. ಸಕ್ಕರೆ ಕಾಯಿಲೆಯೂ ನನಗಿಲ್ಲ. ಕಿಡ್ನಿ ತೆಗೆದರೆ ಭಯಪಡಬೇಕಾದದ್ದು ಇವೆರಡಕ್ಕೇ. ಕಿಡ್ನಿ ಕೊಡುವವರನ್ನು ಒಪ್ಪುವ ಆಸ್ಪತ್ರೆಯ ಸಮಿತಿಯ ಜೊತೆ ತಾವೇ ಮಾತಾಡುವುದಾಗಿ ಹೇಳಿದರು.

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಸಂತೋಷವಾಗಬೇಕಿತ್ತು. ಅದಕ್ಕಿಂತ ಮೊದಲು, ಇದನ್ನು ಕೇಳಲು ಅಮ್ಮ ಬದುಕಿಲ್ಲವಲ್ಲ ಎನ್ನಿಸಿತು. ಅವಳು ಕೂಡ ಕೊರಳಿಗೆ ಆ ಬೀಗದ ಕೈಯ ಭಾರ ಕಟ್ಟಿಕೊಂಡೇ ಓಡಾಡಿದಳು.

ಮೇ ೧೦, ಶನಿವಾರ.

ಬೀಗದಂಗಡಿಗೆ ಹೋದೆ. ಇಬ್ಬರು ಗಿರಾಕಿ ನಿಂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟು ಚಿಕ್ಕ ಅಂಗಡಿ. ಗೋಡೆ ತುಂಬ ಇನ್ನೂ ಹಲ್ಲು ಕೊರೆಯದ ಹಿತ್ತಾಳೆಯ ಬೀಗದ ಕೈಗಳು. ಅಣ್ಣ ಒಂದು ಹಳೆಯ ಬೀಗವನ್ನು ಬಿಚ್ಚಿ ಅದರ ಹೊಟ್ಟೆಯನ್ನು ಬಟ್ಟೆಯ ಮೇಲೆ ಹರಡಿಕೊಂಡಿದ್ದ. ಮುಖ ಬೂದಿಬಣ್ಣಕ್ಕೆ ತಿರುಗಿದೆ.

"ನಿಂಗೆ ಫೋನಲ್ಲಿ ಹೇಳಿದ್ದೀನಲ್ಲ."

"ನಾನು ಕಿಡ್ನಿ ಕೊಡೋಕೆ ಬಂದಿಲ್ಲ. ಸ್ಟೂಲ್ ಕೊಡು."

ಕೊಟ್ಟ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಮೊದಲು ಕೇಳದವನ ಹಾಗೆ ಕೂತಿದ್ದ. ಸಂದೇಶ, ಅದನ್ನು ಬರಮಾಡಿಕೊಳ್ಳುವ ಜಾಗ ಎಂದಾಗ ಕೈಯಲ್ಲಿದ್ದ ಚಿಮಟ ನಿಂತಿತು.

"ಅಂದ್ರೆ ಬೀಗದ ಕೈ ಸರಿಯಾಗಿದೆ."

"ಹೂಂ."

"ಬೀಗದೊಳಗೆ ಪಿನ್ ಸವೆದಿದೆ."

"ಹಾಗೇ ಅನ್ಕೋ."

"ಕೈ ತಿರುಗುತ್ತೆ, ಆದ್ರೆ ಕೂರಲ್ಲ." ಚಿಮಟವನ್ನು ಕೆಳಗಿಟ್ಟು, "ಅದು ಸುಮ್ನೆ ನನ್ನ ಸಮಾಧಾನಕ್ಕೆ ಹೇಳಿದ್ದಿರ್ಬೇಕು. ನಾನು ತೆಗೆದುಕೊಟ್ಟ ಬ್ರೆಡ್ಡು ಎಲ್ಲಿಗೆ ಹೋಯ್ತು?" ಎಂದ.

"ನೀನು ತೆಗೆದುಕೊಡೋಕೆ ಮುಂಚೇನೇ ನಾನು ಕಂಬ ಆಗಿದ್ದೆ. ಅದಕ್ಕೇ ತಾನೇ ಅಮ್ಮ ಬೀಗ ಹಾಕಿದ್ದು? ಬೀಗ ಮೊದಲೋ, ನೀನು ಮೊದಲೋ?"

ಅವನು ಬಿಚ್ಚಿಟ್ಟ ಪಿನ್ನುಗಳನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ಜೋಡಿಸುತ್ತ ಹೋದ. ಆಮೇಲೆ ತಲೆಯೆತ್ತದೆ ಹೇಳಿದ:

"ನಿಂಗೆ ಗೊತ್ತಿಲ್ಲ ಪುಟ್ಟಿ. ಅಪ್ಪ ಬೇರೆ ಬರ್ತಿದ್ದ."

"ಎಲ್ಲಿಗೆ?"

"ನನ್ನ ಹತ್ರ. ಅಮ್ಮ ಹೊರಗೆ ಹೋದಾಗ. ಬಾಗಿಲಲ್ಲಿ ನಿಂತು ಕೆಮ್ಮೋನು. 'ಮರಿ, ಒಂದ್ಸಲ ತೆಗಿಯೋ' ಅನ್ನೋನು."

"ಅಪ್ಪಾನಾ? ಅದು ಅವನೇ ಮಾಡಿದ ಕಪಾಟು! ಒಂದು ಏಟು ಕೊಟ್ಟಿದ್ರೆ ಬಾಗಿಲೇ ಬೀಳ್ತಿತ್ತು."

"ಅಮ್ಮನ ಬೀಗ ಅಂದ್ರೆ ಹೆದರಿಕೆ. ಅಷ್ಟೂ ಜನ ಹಮಾಲರು ಎಳೆದ್ರೆ ಕದಲದೋನು, ನನ್ನ ಹತ್ರ ಬಂದು ಕೈ ಒಡ್ಡಿ ನಿಂತ್ಕೊಳ್ಳೋನು. ತಿನ್ನೋವಾಗ ಗೋಡೆ ಕಡೆ ತಿರುಗ್ತಿದ್ದ. 'ನಿನ್ನ ತಂಗಿಗೆ ಹೇಳ್ಬೇಡ, ಅವಳೊಬ್ಬಳಾದ್ರೂ ಕಲೀದೆ ಇರ್ಲಿ' ಅಂತಿದ್ದ."

ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಗೋಡೆಯ ಬೀಗದ ಕೈಗಳೆಲ್ಲ ಅಲುಗಿದವು. ಅಪ್ಪನಿಗೂ ಇದೇ ಹಸಿವು ಇತ್ತು. ಊರೆದುರು ಬಿಸಿಲು ಕಾಯಿಸಿಕೊಳ್ಳುವವನ ಹಾಗೆ ನಿಂತವನಿಗೆ ಒಳಗೆ ಇಡೀ ದಿನ ಇದೇ ನಡೆಯುತ್ತಿತ್ತು. ಅವನ ಬೆನ್ನ ಮೇಲೆ ಕೂತು ಸವಾರಿ ಮಾಡಿದ್ದೇನೆ, ನನಗೆ ತಿಳಿಯಲಿಲ್ಲ.

"ಹಾಗಾದ್ರೆ ಒಂದು ಹೇಳು" ಎಂದೆ. "ಅಪ್ಪ ದಪ್ಪ ಆಗಿದ್ದೂ ನಿನ್ನಿಂದಲೇನಾ?"

ತಲೆ ಎತ್ತಿದ.

"ನೀನು ಹುಟ್ಟೋ ಮುಂಚೆ ಅವನಿಗೆ ಯಾರು ಬೀಗ ತೆಗೆದುಕೊಟ್ರು? ಹೇಳು, ನೀನೇ ರಾಜ ತಾನೇ?"

ಮೊದಲು ಭುಜ ಅಲುಗಿತು. ಅಳುತ್ತಾನೆ ಎಂದುಕೊಂಡೆ. ನಗುತ್ತಿದ್ದ. ನಕ್ಕು ಕೆಮ್ಮು ಬಂದು, ಜೋಡಿಸಿದ ಪಿನ್ನುಗಳೆಲ್ಲ ಉರುಳಿ ನೆಲಕ್ಕೆ ಬಿದ್ದವು. ನಾನು ಬಗ್ಗಿ ಹುಡುಕಲು ಹೋದರೆ ಅಂಗಡಿಯಲ್ಲಿ ಜಾಗ ಸಾಲಲಿಲ್ಲ. "ಬಿಡೇ, ನೀನು ಬಗ್ಗಿದ್ರೆ ನಾನು ರಸ್ತೆಗೆ ಹೋಗ್ಬೇಕು" ಎಂದ.

ಹೊರಡುವಾಗ ಕೇಳಿದ: "ಅವರು ಒಪ್ತಾರಾ, ಆ ಸಮಿತಿಯವರು?"

ಮೇ ೨೩, ಶುಕ್ರವಾರ.

ಕಿಡ್ನಿ ಡಾಕ್ಟರು ಕನ್ನಡಕ ತೆಗೆದಿಟ್ಟು ಹೇಳಿದರು.

"ನೀವು ತೊಂಬತ್ತೈದಕ್ಕೆ ಇಳೀಲಿಲ್ಲ."

"ಇಲ್ಲ."

"ಸಮಿತಿ ಇಳೀತು."

ಅವರಿಗೆ ಹಾಸ್ಯ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿದ್ದ ಹಾಗಿಲ್ಲ. ಹೇಳಿದ ಮೇಲೆ ಕಿವಿ ಕೆಂಪಾಯಿತು.

ಜೂನ್ ೧೦, ಮಂಗಳವಾರ.

ಲಾಂಡ್ರಿಗೆ ರಜೆ ಹೇಳಿ ಬಂದೆ. "ನೀವು ಬರೋವರೆಗೂ ಆ ತುದಿಗೆ ಯಾರನ್ನೂ ನಿಲ್ಲಿಸಲ್ಲ, ಗೋಡೆಗೆ ಮೊಳೆ ಹೊಡ್ಕೋತೀನಿ" ಎಂದಳು ಮೆಣಸಿನಕಾಯಿ. ಆಮೇಲೆ ಬಿಗಿಯಾಗಿ ತಬ್ಬಿಕೊಂಡಳು. ಅವಳ ಕೈ ನನ್ನ ಬೆನ್ನನ್ನು ಪೂರ್ತಿ ಸುತ್ತುವುದಿಲ್ಲ. ಸುತ್ತುವುದಿಲ್ಲ ಎಂದು ಅವಳು ಬಿಡಲೂ ಇಲ್ಲ.

ಆಸ್ಪತ್ರೆಯ ಅಂಗಿ ನನಗೆ ಸ್ವಲ್ಪ ಬಿಗಿ. ನರ್ಸ್ ಇನ್ನೊಂದು ತಂದುಕೊಟ್ಟಳು. ಕೇಳಿದ್ದು ನಾನೇ.

ಜೂನ್ ೧೩, ಶುಕ್ರವಾರ.

ನೋವು. ಆದರೆ ಅಣ್ಣನಲ್ಲಿ ಕಿಡ್ನಿ ಕೆಲಸ ಶುರುಮಾಡಿದೆ. ಆಪರೇಷನ್ ಮೇಜಿನ ಮೇಲೆಯೇ, ಜೋಡಿಸಿದ ಕೂಡಲೇ ಶುರುವಾಯಿತಂತೆ.

ಜೂನ್ ೧೭, ಮಂಗಳವಾರ.

ಇವತ್ತು ಅವನ ಕೋಣೆಗೆ ಬಿಟ್ಟರು. ಮುಖಕ್ಕೆ ಮಾಸ್ಕ್ ಕಟ್ಟಿ ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದರು. ಅಣ್ಣನ ಮುಖಕ್ಕೆ ಬಣ್ಣ ಬಂದಿದೆ. ನಾನು ಚೆನ್ನಾಗಿದ್ದೇನಾ ಎಂದು ಕೇಳುತ್ತಾನೆ ಎಂದುಕೊಂಡಿದ್ದೆ.

"ಪುಟ್ಟಿ, ಊಟ ಎಷ್ಟು ಹೊತ್ತಿಗೆ ತರ್ತಾರೆ?"

"ಈಗ ತಾನೇ ತಿಂಡಿ ಆಯ್ತಲ್ಲ."

"ಆಯ್ತು. ಎರಡು ಸಲ ಆಯ್ತು. ಆದ್ರೂ..." ದನಿ ತಗ್ಗಿಸಿದ. "ನಿನ್ನೆಯಿಂದ ಬೇರೆ ಏನೂ ಯೋಚನೆ ಮಾಡೋಕೇ ಆಗ್ತಿಲ್ಲ ಕಣೇ. ನರ್ಸು ಮಾತಾಡಿದ್ರೆ ಅವಳ ಕೈಲಿರೋ ತಟ್ಟೇನೇ ಕಾಣುತ್ತೆ. ನಿನ್ನ ಕಿಡ್ನಿ ಜೊತೆ ಇದನ್ನೂ ಕಳಿಸಿದ್ಯಾ?"

ಪಕ್ಕದಲ್ಲಿದ್ದ ಅತ್ತಿಗೆ ಸೆರೆಸಿಕ್ಕವರ ಹಾಗೆ ಕೈ ಎತ್ತಿದರು. "ಅದು ಮಾತ್ರೆಯಿಂದ ಅಂತ ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದ್ರು. ಕಿಡ್ನಿ ಮೈಗೆ ಹೊಂದ್ಕೊಳ್ಳೋಕೆ ಕೊಡೋ ಮಾತ್ರೆ, ಹಸಿವು ಜಾಸ್ತಿ ಮಾಡುತ್ತಂತೆ. ಡೋಸ್ ಇಳಿಸಿದಾಗ ಇದೂ ಇಳಿಯುತ್ತಂತೆ. ಇವರು ನಂಬಲ್ಲ, ಪುಟ್ಟಿದೇ ಹಸಿವು ಅಂತಾ ಕೂತಿದ್ದಾರೆ."

ಅಣ್ಣ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ನಿಂಗೆ ಹೀಗೇ ಇರ್ತಿತ್ತಾ?"

"ಹೂಂ."

"ದಿನಾ?"

"ದಿನಾ. ಈಗಲೂ ಹಸಿವಾಗಿದೆ" ಎಂದೆ.

ಅವನು ಕಣ್ಣು ಒರೆಸಿಕೊಂಡ. ಆಮೇಲೆ ನರ್ಸ್ ಇಬ್ಬರಿಗೂ ಊಟ ತಂದಳು; ಅವನಿಗೆ ಹಾಸಿಗೆಯ ಮೇಲೆ, ನನಗೆ ಬಾಗಿಲಾಚೆ. ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ. ನಾನು ನೋಡುತ್ತಿದ್ದೆ. ನಾನು ಅರ್ಧ ಮುಗಿಸುವಷ್ಟರಲ್ಲಿ ಅವನ ತಟ್ಟೆ ಬರಿದಾಗಿತ್ತು. ನಮ್ಮ ಜನ್ಮದಲ್ಲೇ ಇದು ಮೊದಲ ಸಲ.